ಗೇಟಿನತ್ತ ಮೂತಿ

ದೋಹಾದ ನಮ್ಮ ಆಫೀಸಿನಲ್ಲಿ ಬಂಟ್ವಾಳದ ಕಡೆಯ ಡ್ರೈವರೊಬ್ಬರಿದ್ದರು, ಅರವತ್ತು ದಾಟಿದವರು. ಎಲ್ಲೇ ಹೋಗಲಿ, ಕಾರನ್ನು ರಿವರ್ಸ್ ತೆಗೆದು, ಮೂತಿ ಗೇಟಿನತ್ತ ಮಾಡಿಯೇ ನಿಲ್ಲಿಸುತ್ತಿದ್ದರು. ಆಮೇಲೆ ಬಾನೆಟ್ಟನ್ನು ಎಮ್ಮೆಯ ಬೆನ್ನಿನಂತೆ ಒಮ್ಮೆ ತಟ್ಟುತ್ತಿದ್ದರು. ನಾನು ಗೊಣಗಿದರೆ, "ಹೊರಡ್ಲಿಕ್ಕೆ ತಡ ಆಗ್ಬಾರ್ದು ಸಾರ್" ಎನ್ನುತ್ತಿದ್ದರು.

ಹರೆಯದಲ್ಲಿ ಅವರು ಯುರೋಪಿನಲ್ಲಿ ಭಾರತದ ರಾಯಭಾರಿಯ ಕಾರು ಓಡಿಸಿದ್ದರಂತೆ. "ಆಗ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನು ಬೇರೆಯೇ ಇಡ್ತಿದ್ರಲ್ಲ, ಆ ಸರಕಾರದ ರಾಯಭಾರಿ ಪಾರ್ಟಿಗೆ ಬಂದ್ರೆ ನಮ್ಮ ಸಾಹೇಬ್ರು ಗ್ಲಾಸ್ ಕೆಳಗಿಟ್ಟು ಹೊರಗೆ ಬರ್ತಿದ್ರು. ಜಗಳ ಇಲ್ಲ, ಎಂಥದ್ದೂ ಇಲ್ಲ. ಕಾರು ಮಾತ್ರ ರೆಡಿ ಇರ್ಬೇಕು."

ಕಳೆದ ದೀಪಾವಳಿಗೆ ಅಲ್ ವಕ್ರಾದ ಹಾಲ್‌ ಒಂದರಲ್ಲಿ ನಮ್ಮ ಕನ್ನಡದವರ ಊಟವಿತ್ತು. ಅವರನ್ನು ನಾನೂ ನನ್ನ ಹೆಂಡತಿಯೂ ಕೂತಿದ್ದ ಟೇಬಲ್ಲಿಗೇ ಕರೆದಿದ್ದೆ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಿಂದ ಬಸ್ಸಿನಲ್ಲಿ ಬಂದ ನಮ್ಮೂರ ಕಡೆಯ ಕೆಲಸಗಾರರನ್ನು ಸಂಘಟಕರು ಬಾಗಿಲಲ್ಲೇ ತಡೆದು, "ಒಳಗೆ ಫ್ಯಾಮಿಲಿ ಮಾತ್ರ" ಎಂದು ಊಟದ ಪೊಟ್ಟಣ ಕೊಟ್ಟು ಅಂಗಳಕ್ಕೆ ಕಳಿಸಿದರು. ಹೋಳಿಗೆ ಮುರಿಯುತ್ತಿದ್ದ ನಮ್ಮ ಡ್ರೈವರ್ ಅದನ್ನು ಹಾಗೇ ಎಲೆಯ ಮೇಲಿಟ್ಟು, ಕೈ ಒರೆಸಿಕೊಂಡು ಎದ್ದರು.

"ನೀವು ಊಟ ಮುಗಿಸಿ ಬನ್ನಿ ಸಾರ್. ನಾನು ಕಾರಲ್ಲಿರ್ತೇನೆ."

ನನ್ನ ಹೆಂಡತಿ ಬ್ಯಾಗ್ ಹೆಗಲಿಗೇರಿಸಿದಳು. ಮೂವರೂ ಹೊರಗೆ ಬಂದೆವು. ಕಾರಿನ ಮೂತಿ ಗೇಟಿನತ್ತಲೇ ಇತ್ತು.