ಆರನೇ ಕಿಲೋಮೀಟರಿನ ಕಲ್ಲು ದಾಟಲು

ಬೆಳಿಗ್ಗೆ ಐದು ಮುಕ್ಕಾಲು. ಹಳಿಗಳ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಸಣಕಲು ಮನುಷ್ಯರೊಬ್ಬರು ಕೈಯಲ್ಲಿ ಉದ್ದ ಹಿಡಿಕೆಯ ಸುತ್ತಿಗೆ, ಹೆಗಲಿಗೆ ಸ್ಪ್ಯಾನರ್ ಮತ್ತು ಬಾವುಟಗಳ ಚೀಲ ಹಾಕಿಕೊಂಡು ಎರಡು ಹಳಿಗಳ ನಡುವೆ ನಿಂತಿದ್ದಾರೆ. ಆದರೆ ಹೊರಡುವುದಿಲ್ಲ. ಎಡಗಾಲಿನ ಬೆರಳುಗಳನ್ನು ಹಳಿಗೆ ಆನಿಸಿ, ಹಿಮ್ಮಡಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ, ಮೂವತ್ತರವರೆಗೆ ಎಣಿಸುತ್ತಾರೆ. ಹೀಗೆ ಮೂರು ಸಲ. ಆಮೇಲೆ ಮೊದಲ ಹೆಜ್ಜೆ. ಕಣ್ಣು ಕಿರಿದಾಗುತ್ತದೆ, ತುಟಿ ಹಲ್ಲಿನಡಿ ಸೇರುತ್ತದೆ.

"ಮೊದಲ ಇಪ್ಪತ್ತು ಹೆಜ್ಜೆ ಯಾರ ಜೊತೆಗೂ ಮಾತಾಡಲ್ಲ," ಎನ್ನುತ್ತಾರೆ, ಇಪ್ಪತ್ತೊಂದನೆಯದನ್ನು ಇಟ್ಟ ಮೇಲೆ. "ಬಾಯಿ ತೆಗೆದ್ರೆ ಬೈಗುಳನೇ ಬರುತ್ತೆ."

ಇವರು ರೈಲ್ವೆಯ ಕೀಮನ್. ಹಳಿಯನ್ನು ಅದರಡಿ ಅಡ್ಡ ಹಾಸಿದ ಸ್ಲೀಪರಿಗೆ ಕಚ್ಚಿ ಹಿಡಿಯುವ ಉಕ್ಕಿನ ಕ್ಲಿಪ್ಪುಗಳು ಬಿಗಿಯಾಗಿವೆಯೇ ಎಂದು ನಡೆದು ನೋಡುವುದು, ಸಡಿಲವಾದದ್ದನ್ನು ಬಡಿದು ಕೂರಿಸುವುದು, ಹಳಿಯಲ್ಲಿ ಬಿರುಕು ಕಂಡರೆ ಕೆಂಪು ಬಾವುಟ ಹಿಡಿದು ರೈಲು ನಿಲ್ಲಿಸುವುದು ಕೆಲಸ. ಇವರ ಪಾಲಿಗೆ ಬಂದಿರುವುದು ಆರು ಕಿಲೋಮೀಟರ್. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ದಿನಕ್ಕೆ ಹನ್ನೆರಡು ಕಿಲೋಮೀಟರ್. ಕಿಲೋಮೀಟರಿಗೆ ಸುಮಾರು ಸಾವಿರದ ಆರುನೂರು ಸ್ಲೀಪರ್. ವರ್ಷಕ್ಕೆ ಇನ್ನೂರ ತೊಂಬತ್ತು ದಿನದಂತೆ ಮೂವತ್ತೊಂದು ವರ್ಷದ ನಡಿಗೆ ಒಂದು ಲಕ್ಷ ಕಿಲೋಮೀಟರ್ ದಾಟುತ್ತದೆ. ಇಷ್ಟು ನಡೆದವರು ತಮ್ಮ ಆರನೇ ಕಿಲೋಮೀಟರಿನ ಕಲ್ಲನ್ನು ಒಂದು ದಿನವೂ ಹಳಿಯ ಮೇಲೆ ನಡೆದು ದಾಟಿಲ್ಲ. ಅಲ್ಲಿಂದಾಚೆ ಬೇರೆಯವರ ಪಾಲು.

ಆ ಬೇರೆಯವರು ಇಪ್ಪತ್ತೇಳು ವರ್ಷ ಇವರ ಭಾವನೇ ಆಗಿದ್ದರು, ಅಕ್ಕನ ಗಂಡ. ಅವರು ಆ ಕಡೆಯಿಂದ, ಇವರು ಈ ಕಡೆಯಿಂದ ನಡೆದು ಬಂದು ಬಿಳಿ ಬಣ್ಣ ಬಳಿದ ಕಲ್ಲಿನ ಹತ್ತಿರ ಸೇರುತ್ತಿದ್ದರು. ಇಬ್ಬರ ಬಳಿಯೂ ಒಂದೊಂದು ಪುಸ್ತಕ. ಇವರದ್ದಕ್ಕೆ ಅವರ ರುಜು, ಅವರದ್ದಕ್ಕೆ ಇವರ ರುಜು. ಇಬ್ಬರೂ ಪೂರ್ತಿ ನಡೆದಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಫ್ಲಾಸ್ಕಿನ ಚಹಾ ಹಂಚಿಕೊಂಡು ಬೆನ್ನು ತಿರುಗಿಸಿದರೆ ಮತ್ತೆ ಮರುದಿನವೇ ಮುಖ ನೋಡುವುದು. ಏಳೂವರೆಗೆ ಕಲ್ಲಿನ ಬಳಿ ಇರಬೇಕೆಂದರೆ ಇವರು ಏಳೂವರೆಗೇ ಇರುತ್ತಿದ್ದರು. ಹಳಿ ರಿಪೇರಿಯ ಗ್ಯಾಂಗಿನವರು ಇಟ್ಟ ಅಡ್ಡಹೆಸರು 'ಗಡಿಯಾರ'.

"ಎರಡು ನಿಮಿಷ ತಡ ಆದ್ರೆ ಭಾವ ಶುರು ಹಚ್ಕೊಳ್ತಿದ್ರು. ಏನಪ್ಪಾ ಗಡಿಯಾರ, ಕೀ ಕೊಡೋದು ಮರೆತಳಾ ನಿನ್ನ ಹೆಂಡ್ತಿ, ಅಂತ."

ಎರಡು ದೊಡ್ಡ ಸ್ಟೇಷನ್ನುಗಳ ನಡುವೆ ಇಂಥ ಏಳು ಪಾಲು, ಒಟ್ಟು ನಲವತ್ತೆರಡು ಕಿಲೋಮೀಟರ್. ಒಂದು ದಿನ ಈ ತುದಿಯಿಂದ ಆ ತುದಿಗೆ ನಡೆದುಬಿಡಬೇಕು ಎನ್ನುವುದು ಭಾವನ ಆಸೆ. 'ಎಲ್ಲರಿಗೂ ತಮ್ಮ ಆರು ಗೊತ್ತು, ಇಡೀ ಲೈನು ಗೊತ್ತಿರೋನು ಒಬ್ಬನೂ ಇಲ್ಲ' ಎಂದು ಚಹಾ ಕುಡಿಯುವಾಗಲೆಲ್ಲ ಹೇಳುತ್ತಿದ್ದರು. ಕೆಲಸವಿಲ್ಲದೆ ಹಳಿಯ ಮೇಲೆ ನಡೆಯಲು ಅನುಮತಿ ಬೇಕು. ನಿವೃತ್ತಿಯಾದವರಿಗೆ ಅದು ಸಿಗುವುದಿಲ್ಲ. ನಾಲ್ಕು ವರ್ಷದ ಹಿಂದೆ, ತಮ್ಮ ಕೊನೆಯ ತಿಂಗಳಲ್ಲಿ, ಭಾವ ಕಚೇರಿಗೆ ಅಲೆದು ಇಬ್ಬರಿಗೂ ಸೇರಿಸಿ ಒಂದು ದಿನದ ಪತ್ರ ತಂದರು.

ಅದೇ ಹೊತ್ತಿಗೆ ಇವರ ಎಡ ಹಿಮ್ಮಡಿ ಹಿಡಿದುಕೊಂಡಿತ್ತು. ಹಾಸಿಗೆಯಿಂದ ಇಳಿದು ಕಾಲೂರಿದರೆ ಮೊಳೆ ಹೊಕ್ಕ ಹಾಗೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ವೈದ್ಯಕೀಯ ಪರೀಕ್ಷೆ, ಪರೀಕ್ಷೆಯಲ್ಲಿ ಸೋತರೆ ಗೇಟಿನಲ್ಲೋ ಉಗ್ರಾಣದಲ್ಲೋ ಕೂರಿಸುತ್ತಾರೆ ಎಂಬ ಹೆದರಿಕೆ. ಹೊರಡಬೇಕಾದ ದಿನ ಬೆಳಿಗ್ಗೆ ನಲವತ್ತೆರಡು ಕಿಲೋಮೀಟರ್ ನೆನೆಸಿಕೊಂಡು ಮಂಚ ಬಿಟ್ಟೇಳಲಿಲ್ಲ. ಜ್ವರ ಎಂದು ಹೇಳಿ ಕಳಿಸಿದರು. ಭಾವ ಮನೆಗೇ ಬಂದರು. ಮಂಚದ ಪಕ್ಕ ನಿಂತು ಕೈ ಹಿಡಿದು ನೋಡಿದರು. 'ಮಲಗು' ಎಂದಷ್ಟೇ ಹೇಳಿ, ಪತ್ರ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಒಬ್ಬರೇ ಹೋಗಬಹುದಿತ್ತು. ಹೋಗಲಿಲ್ಲ.

ಮರುವರ್ಷ ಭಾವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಎರಡೂ ಹೋದವು.

ಹಿಮ್ಮಡಿಗೆ ಇವರು ಮಾಡಿಕೊಂಡ ಮದ್ದು ಇನ್ನೊಂದು ಎಡವಟ್ಟು. ಹಳಿಯ ಅಡಿಯಲ್ಲಿ, ಸ್ಲೀಪರಿನ ಮೇಲೆ ಗೆರೆಗೆರೆಯ ಒಂದು ರಬ್ಬರ್ ಹಾಸು ಇರುತ್ತದೆ. ರೈಲಿನ ಅದುರು ತಡೆಯುವುದಕ್ಕೆ. ಹಳೆಯದಾಗಿ ತೆಗೆದೆಸೆದ ಒಂದು ಹಾಸನ್ನು ಮನೆಗೆ ತಂದು, ಹಿಮ್ಮಡಿಯ ಅಳತೆಗೆ ಬ್ಲೇಡಿನಲ್ಲಿ ಕೊಯ್ದು ಬೂಟಿನೊಳಗೆ ಇಟ್ಟುಕೊಂಡರು. ಒಂದಲ್ಲ ಎರಡಲ್ಲ, ಹತ್ತಿರ ಹತ್ತಿರ ಮೂರು ವರ್ಷ ಅದರ ಮೇಲೆಯೇ ನಡೆದರು. "ಇಡೀ ರೈಲಿನ ಭಾರ ತಡೆಯೋದು, ನನ್ನ ಐವತ್ತೆಂಟು ಕೆಜಿ ತಡೆಯಲ್ವಾ ಅಂದ್ಕೊಂಡೆ. ನಮಗೆ ಗೊತ್ತಿರೋ ರಬ್ಬರ್ ಅದೊಂದೇ ಅಲ್ವಾ."

ಗುಟ್ಟು ರಟ್ಟು ಮಾಡಿದ್ದು ಯಂತ್ರ. ಪುಸ್ತಕದ ರುಜು ನಿಂತು, ಕೀಮನ್‌ಗಳ ಸೊಂಟಕ್ಕೆ ಜಿಪಿಎಸ್ ಬಂತು. ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದ ಗಡಿಯಾರ ಮೂರಕ್ಕೂ ಕಡಿಮೆ ನಡೆಯುತ್ತಿರುವುದು ಹದಿನಾಲ್ಕು ತಿಂಗಳ ಹಿಂದೆ ಕಚೇರಿಯ ಪರದೆಯ ಮೇಲೆ ಕಂಡಿತು. ಆಸ್ಪತ್ರೆಗೆ ಕಳಿಸಿದರು. ವೈದ್ಯೆ ಬೂಟಿನಿಂದ ರಬ್ಬರ್ ಚೂರು ಎಳೆದು ಮೇಜಿನ ಮೇಲೆ ಕುಕ್ಕಿದರು. ಅದು ಕಲ್ಲಿನಂತೆ ಸದ್ದು ಮಾಡಿತು. 'ಇದು ಟನ್ನುಗಟ್ಟಲೆ ಭಾರಕ್ಕೆ ಮಾತ್ರ ಬಗ್ಗುತ್ತೆ ಕಣ್ರೀ. ನಿಮಗೆ ಇದು ಬಂಡೆ' ಎಂದರು. ಅಂಗಾಲಿನುದ್ದಕ್ಕೂ ಇರುವ ನಾರು ಹಿಮ್ಮಡಿಗೆ ಅಂಟುವ ಜಾಗದಲ್ಲಿ ಘಾಸಿಯಾಗಿತ್ತು. ಮೊದಲೇ ಬಂದಿದ್ದರೆ ಕೆಲವೇ ತಿಂಗಳಲ್ಲಿ ಹತೋಟಿಗೆ ಬರುತ್ತಿತ್ತು ಎಂದೂ ಹೇಳಿದರು. ಆ ಮಾತನ್ನು ಇವರು ಎರಡು ಸಲ ಹೇಳುತ್ತಾರೆ, ಎರಡು ಸಲವೂ ನೆಲ ನೋಡುತ್ತ.

ಆರು ವಾರ ಉಗ್ರಾಣದಲ್ಲಿ ಕೂತು ಬಂದ ಮೇಲೆ ಮತ್ತೆ ಹಳಿಗೆ ಬಿಟ್ಟರು. ಹೆದರಿದ ಹಾಗೆ ಕಾಯಂ ಆಗಿ ಕೂರಿಸಲಿಲ್ಲ. ಈಗ ಬೂಟಿನಲ್ಲಿ ಮೆತ್ತನೆಯ ಹಿಮ್ಮಡಿ ದಿಂಬು. ಹಾಸಿಗೆ ಬಿಡುವ ಮೊದಲು ಟವೆಲ್ಲನ್ನು ಪಾದಕ್ಕೆ ಸುತ್ತಿ ಎಳೆಯುತ್ತಾರೆ. ಕೆಲಸದಿಂದ ಬಂದು ಮಂಜುಗಟ್ಟಿದ ನೀರಿನ ಬಾಟಲಿಯನ್ನು ಅಂಗಾಲಿನಡಿ ಹದಿನೈದು ನಿಮಿಷ ಉರುಳಿಸುತ್ತಾರೆ. "ಫ್ರಿಜ್ ತೆಗೆದ್ರೆ ಬರೀ ಇವರ ಕಾಲಿನ ಬಾಟಲಿ," ಎನ್ನುತ್ತಾರೆ ಹೆಂಡತಿ. "ಬಂದವರಿಗೆ ತಣ್ಣನೆ ನೀರು ಕೊಡೋಕೂ ಯೋಚನೆ. ಯಾವುದು ಕುಡಿಯೋದು, ಯಾವುದು ತುಳಿಯೋದು ಅಂತ ನಾನು ಚೀಟಿ ಅಂಟಿಸಿದೀನಿ."

ಇನ್ನು ಏಳು ವಾರಕ್ಕೆ ಇವರದ್ದೂ ನಿವೃತ್ತಿ. ಭಾವನ ಪರವಾಗಿಯಾದರೂ ನಲವತ್ತೆರಡು ಮುಗಿಸಬೇಕು ಎಂದು ನಾಲ್ಕು ತಿಂಗಳ ಹಿಂದೆ ಅಭ್ಯಾಸ ಶುರುಮಾಡಿದರು. ವಾರದ ರಜೆಯ ದಿನ ಲೈನಿನ ಪಕ್ಕದ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್, ಆಮೇಲೆ ಹದಿನಾರು, ಹದಿನೆಂಟು. ರಸ್ತೆಯಲ್ಲೂ ಹೆಜ್ಜೆ ಸ್ಲೀಪರಿನ ಅಳತೆಗೇ ಬೀಳುತ್ತದೆ. ಕಾಲಿಗೆ ಬೇರೆ ಅಳತೆ ಗೊತ್ತಿಲ್ಲ. ಹೋದ ತಿಂಗಳು ಇಪ್ಪತ್ತೆರಡನೇ ಕಿಲೋಮೀಟರಿನಲ್ಲಿ ಮೋರಿಯ ಕಟ್ಟೆ ಮೇಲೆ ಕೂತವರು ಏಳಲಾಗಲಿಲ್ಲ. ಹಾಲಿನ ವ್ಯಾನಿನಲ್ಲಿ, ಖಾಲಿ ಕ್ಯಾನುಗಳ ನಡುವೆ ಮನೆಗೆ ಬಂದರು. 'ನಲವತ್ತೆರಡು ಮರೆತುಬಿಡಿ. ದಿನದ ಹನ್ನೆರಡೇ ಈ ಕಾಲಿಗೆ ಜಾಸ್ತಿ' ಎಂದರು ವೈದ್ಯೆ.

ಅಂದೇ ಸಂಜೆ ಅಕ್ಕನ ಮನೆಗೆ ಹೋದರು. ಭಾವನ ಪಾಲು ಮುಗಿಯುವಲ್ಲಿ ಒಂದು ಸಣ್ಣ ಸ್ಟೇಷನ್; ಅದರ ಹಿಂದೆ ಎರಡು ಕೋಣೆಯ ಮನೆ. ಜ್ವರದ ಸುಳ್ಳು, ಹಿಮ್ಮಡಿಯ ನಿಜ, ಹಾಲಿನ ವ್ಯಾನು, ಎಲ್ಲವನ್ನೂ ಆವತ್ತೇ ಮೊದಲ ಸಲ ಭಾವನ ಮುಂದೆ ಹೇಳಿದರು.

ಭಾವನ ಮಾತು ಈಗ ತೊದಲು. ಅಕ್ಕ ಬಿಡಿಸಿ ಹೇಳುತ್ತಾರೆ, ಜೊತೆಗೆ ತಮ್ಮದೂ ಎರಡು ಸೇರಿಸುತ್ತಾರೆ.

"ಆವತ್ತು ನಿನ್ನ ಕೈ ತಣ್ಣಗಿತ್ತು ಅಂತಿದಾರೆ ಕಣೋ," ಎಂದರಂತೆ ಅಕ್ಕ. "ಜ್ವರ ಅಲ್ಲ ಅಂತ ಆವತ್ತೇ ಗೊತ್ತಂತೆ. ನನ್ನ ಜೊತೆ ಬರೋಕೆ ಇವನಿಗೆ ಇಷ್ಟ ಇಲ್ಲ ಅಂತ ಅಂದ್ಕೊಂಡಿದ್ರಂತೆ. ನಾಲ್ಕು ವರ್ಷ ನನ್ನ ಹತ್ರಾನೂ ಬಾಯಿ ಬಿಟ್ಟಿಲ್ಲ ನೋಡು, ಇವರೂ ಒಂದೇ, ನೀನೂ ಒಂದೇ."

ಸುಳ್ಳು ಸಿಕ್ಕಿಬೀಳಲಿಲ್ಲವೆಂದು ಇಷ್ಟು ವರ್ಷ ಸಮಾಧಾನದಿಂದಿದ್ದವರಿಗೆ ಈ ಮಾತು ಹಿಮ್ಮಡಿಗಿಂತ ಆಳಕ್ಕೆ ಇಳಿದಿದೆ. "ಕಾಲು ನೋವು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಬೈದು, ಹತ್ತು ಹೆಜ್ಜೆಗೊಂದು ಸಲ ಕೂರಿಸ್ಕೊಂಡು ಕರ್ಕೊಂಡು ಹೋಗ್ತಿದ್ರು. ಇಲ್ಲ ಅಂದ್ರೆ ಆರು ಕಿಲೋಮೀಟರಾದ್ರೂ ನಡೀತಿದ್ವಿ. ಆಗ ಅವರಿಗೆ ಕಾಲಿತ್ತು."

ಎಲ್ಲ ಕೈಬಿಡುತ್ತೇನೆ ಎಂದಾಗ ದಾರಿ ತೋರಿಸಿದ್ದೂ ಭಾವನೇ. ನಲವತ್ತೆರಡು ಹಾಳಾಗಲಿ, ನನ್ನ ಆರನ್ನಾದರೂ ನೋಡಿದ್ದೀಯಾ, ಎಂದು ಕೇಳಿದರಂತೆ. ಈಗ ಕಚೇರಿಯಿಂದ ಹೊಸ ಪತ್ರ ಬಂದಿದೆ. ನಿವೃತ್ತಿಗೆ ಮುಂಚಿನ ಒಂದು ದಿನ ಬದಲಿ ನೌಕರ ಇವರ ಕೆಲಸ ನೋಡಿಕೊಳ್ಳುತ್ತಾನೆ. ಇವರು ತಮ್ಮ ಆರು ಕಿಲೋಮೀಟರ್ ನಡೆದು, ಕಲ್ಲಿನ ಬಳಿ ಹಿಂತಿರುಗದೆ, ಭಾವನ ಆರನ್ನೂ ನಡೆಯುತ್ತಾರೆ. ಕಾಲಿನ ಲೆಕ್ಕದಲ್ಲಿ ಅದು ದಿನದ ಹನ್ನೆರಡೇ, ಒಂದು ಹೆಜ್ಜೆಯೂ ಹೆಚ್ಚಿಲ್ಲ.

ಹಳೆಯ ಪುಸ್ತಕವನ್ನು ಟ್ರಂಕಿನಿಂದ ತೆಗೆದಿಟ್ಟಿದ್ದಾರೆ. ಕೊನೆಯ ಪುಟದಲ್ಲಿ ಒಂದು ಸಾಲು ಖಾಲಿ ಇದೆ. ಸ್ಟೇಷನ್ನಿನಲ್ಲಿ ಕುರ್ಚಿ ಹಾಕಿಕೊಂಡು ಕಾಯುವ ಭಾವ ಅದಕ್ಕೆ ರುಜು ಹಾಕಬೇಕು. ಬಲಗೈ ಏಳುವುದಿಲ್ಲವಾದ್ದರಿಂದ ಅವರೂ ದಿನಾ ಬೆಳಿಗ್ಗೆ ಎಡಗೈಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಮೊದಲ ಅಕ್ಷರ ಬಂದಿದೆಯಂತೆ.

ಏಳು ಗಂಟೆ ಐವತ್ತೈದು ನಿಮಿಷ. ಕಲ್ಲು ಬಂತು. ಏಳೂವರೆಗೆ ಬರುತ್ತಿದ್ದವರು ಈಗ ಬರುವುದು ಈ ಹೊತ್ತಿಗೆ. ಕಲ್ಲಿನಾಚೆ ಹಳಿ ಸ್ವಲ್ಪ ಎಡಕ್ಕೆ ತಿರುಗಿ ಮರಗಳ ಹಿಂದೆ ಮರೆಯಾಗುತ್ತದೆ. ಸುತ್ತಿಗೆ ಊರಿ ಅಲ್ಲಿಗೇ ಒಂದು ಕ್ಷಣ ನೋಡುತ್ತಾರೆ. ಆಮೇಲೆ ಬೆನ್ನು ತಿರುಗಿಸಿ ಇನ್ನೊಂದು ಹಳಿಯ ಮೊದಲ ಕ್ಲಿಪ್ಪಿಗೆ ತಟ್ಟುತ್ತಾರೆ. ಟಿಣ್ ಎನ್ನುತ್ತದೆ, ಬಿಗಿಯಾಗಿದೆ.

"ಮೂವತ್ತೊಂದು ವರ್ಷದಲ್ಲಿ ನನ್ನ ಆರು ಕಿಲೋಮೀಟರಿಂದಾಗಿ ಒಂದೇ ಒಂದು ಗಾಡಿ ತಡ ಆಗಿಲ್ಲ," ಎನ್ನುತ್ತಾರೆ. ನಾಲ್ಕು ಹೆಜ್ಜೆ ಇಟ್ಟು ಸೇರಿಸುತ್ತಾರೆ: "ತಡ ಆದವನು ನಾನೊಬ್ಬನೇ."