ಡಬ್ಬಿಯೊಳಗಿನ ಹಳೆಯ ಸಿಮ್

ಕರೆಂಟಿಗೆ ನಾನು ಇವತ್ತಿಗೂ ಹೆದರುತ್ತೇನೆ. ಹೆದರಿಕೆ ಇಲ್ಲದವರು ತಂತಿ ಮುಟ್ಟಬಾರದು ಎಂಬುದು ನನ್ನ ಮಾತು. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು. ತಂತಿ ಬೆಸೆಯುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ರೇಡಿಯೊ ಮೂಲೆಯಲ್ಲಿ ಬಿದ್ದಿತ್ತು. ಹೊಸ ಸೆಲ್ ಹಾಕಿದರೂ ಬಾಯಿ ಬಿಡಲಿಲ್ಲ. ಅವನ ನೆನಪು ಗಿನಪು ಅಂತಲ್ಲ, ಹೊಸ ಸೆಲ್ ದಂಡವಾಯಿತಲ್ಲ ಎಂಬ ಸಿಟ್ಟಿಗೆ ಅದನ್ನು ಬಿಚ್ಚಿದೆ. ಒಳಗೆ ಒಂದು ತಂತಿ ಕಡಿದಿತ್ತು. ಸುರಪುರಕ್ಕೆ ಹೋಗಿ ತಂತಿ ಬೆಸೆಯುವ ಸೋಲ್ಡರ್ ಕಡ್ಡಿ ತಂದು ಹಚ್ಚಿದೆ. ರೇಡಿಯೊ ಮಾತಾಡಿತು. ಅಲ್ಲಿಂದ ನನಗೆ ಈ ಚಟ ಹತ್ತಿತು.

ಸೋಲ್ಡರ್ ಮಾರಿದ ಅಂಗಡಿಯವನೇ ನನ್ನನ್ನು ಮೊಬೈಲಿನ ಒಂದು ಗ್ರೂಪಿಗೆ ಸೇರಿಸಿದ. ರೇಡಿಯೊ, ಸ್ಟಾರ್ಟರ್, ಚಾರ್ಜರ್ ಅಂತ ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರ ಗ್ರೂಪ್ ಅದು. ನನಗೆ ಅಕ್ಷರ ಕೂಡಿಸಿ ಓದುವುದು ತಡ. ಬರೆಯುವುದು ಇನ್ನೂ ತಡ. ಅದಕ್ಕೇ ಬಾಯಿಂದ ಮಾತಾಡಿ ಕಳಿಸುತ್ತಿದ್ದೆ. ಮೊದಲ ಸಲ ಕಳಿಸಿದಾಗ ಒಬ್ಬ, "ಯಾರದೋ ಫೋನು ಅಜ್ಜಿ ಕೈಗೆ ಸಿಕ್ಕೈತಿ, ಕಸಗೊಳ್ರಿ" ಅಂದ.

"ಅಜ್ಜಿ ಕೈಯಾಗ ಕಾದ ಸೋಲ್ಡರ್ ಕಡ್ಡೀನೂ ಐತಿ. ಕಸಗೊಳ್ಳಾಕ ಬಾ" ಅಂದೆ. ಆಮೇಲೆ ಎಲ್ಲರೂ ನನ್ನನ್ನು ಯವ್ವಾ ಎಂದೇ ಕರೆದರು.

ಕೇಳಿದ್ದನ್ನೇ ಮತ್ತೆ ಕೇಳಿದರೂ ಅವರು ಬೇಸರಪಡಲಿಲ್ಲ. ಮುದನಾಳದ ಕಡೆಯ ಒಬ್ಬ ರೇಡಿಯೊ ರಿಪೇರಿಯವನು ಚಿತ್ರ ಬರೆದು, ಒಂದೊಂದು ತಂತಿಗೂ ಬೇರೆ ಬಣ್ಣ ಹಚ್ಚಿ ಕಳಿಸುತ್ತಿದ್ದ. ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಹೆಣ್ಣುಮಗಳು ನನ್ನ ಹಾಗೇ ತಾನೇ ಕಲಿತವಳು. ಅವಳು ಮಾತು ಕಡಿಮೆ ಆಡುತ್ತಿದ್ದಳು, ಪ್ರಶ್ನೆ ಹೆಚ್ಚು ಕೇಳುತ್ತಿದ್ದಳು.

ನಮ್ಮ ಹೊಲ ಇರುವುದು ಶಹಾಪುರ, ಸುರಪುರದ ನಡುವೆ, ಹಳ್ಳದ ದಂಡೆಗೆ. ಕೆನಾಲ್ ಬರುವ ಮೊದಲು ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಬರೀ ಉಸುಕು ಇರುತ್ತಿತ್ತು. ಈಗ ಮೇಲಿನ ಗದ್ದೆಗಳಿಂದ ಕೆನಾಲ್ ನೀರು ಬಸಿದು ವರ್ಷವಿಡೀ ಹರಿಯುತ್ತದೆ. ಅಲ್ಲಿ ಮೋಟರ್ ಕೂರಿಸಿ ಭತ್ತಕ್ಕೆ ನೀರು ಎತ್ತುತ್ತೇವೆ. ತ್ರೀ ಫೇಸ್ ಕರೆಂಟು ಬರುವುದಕ್ಕೆ ಹೊತ್ತಿಲ್ಲ ಗೊತ್ತಿಲ್ಲ. ಬಂದಾಗಲೆಲ್ಲ ಮೋಟರ್ ಚಾಲೂ ಮಾಡಲು ನಾನೋ ಸೊಸೆಯೋ ಓಡಬೇಕು. ಮಗ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಾನೆ, ಹಗಲು ಅವನು ಸಿಗುವುದಿಲ್ಲ.

ಅದಕ್ಕೇ ಗ್ರೂಪಿನವರನ್ನು ಕೇಳಿ ಕೇಳಿ ಒಂದು ಡಬ್ಬಿ ಮಾಡಿದೆ. ಒಳಗೆ ನನ್ನ ಹಳೆಯ ಗುಂಡಿ ಫೋನು. ಆ ಫೋನಿಗೆ ರಿಂಗ್ ಕೊಟ್ಟರೆ ಅದು ಗಡಗಡ ನಡುಗುತ್ತದೆ. ನಡುಗಿಸುವ ತಂತಿಯಿಂದ ಒಂದು ರಿಲೇಗೆ ಕರೆಂಟು ಹೋಗುತ್ತದೆ. ಆ ರಿಲೇ ಟಕ್ ಅಂದರೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ ಹಾಗೆ. ಮನೆಯಲ್ಲಿ ಕೂತು ರಿಂಗ್ ಕೊಟ್ಟೆ, ಹೊಲದಲ್ಲಿ ನೀರು ಬಿತ್ತು. ಸೊಸೆ, "ಅತ್ತಿ, ನೀವು ಇನ್ನ ರೊಟ್ಟಿನೂ ಫೋನಿನಾಗ ಸುಡ್ತೀರಿ" ಅಂದಳು.

ಮರುದಿನ ಬೆಳಿಗ್ಗೆ, ಮನೆಗೆ ಬಂದಿದ್ದ ನಮ್ಮ ಅಕ್ಕ ತನ್ನೂರು ಬಳಿಚಕ್ರಕ್ಕೆ ಹೊರಟು ಬಸ್ಸು ಹತ್ತಿದಳು. ಮೋಟರಿನ ನೀರು ಸಣ್ಣಗಾಗಿದೆ, ಕೊಳವೆಯ ತುದಿಗೆ ಪಾಚಿ ಸಿಕ್ಕಿರಬೇಕು ಎಂದು ಸೊಸೆ ಹೊಲಕ್ಕೆ ಹೋದಳು. ನಾನು ಡಬ್ಬಿಯ ಫೋಟೊ ಗ್ರೂಪಿಗೆ ಹಾಕಿದೆ. ಎಲ್ಲರೂ ಶಹಬ್ಬಾಸ್ ಅಂದರು. ಒಬ್ಬ, "ನಂಬರ್ ಹೇಳ್ರಿ ಯವ್ವಾ, ಇಲ್ಲಿಂದ ನಿಮ್ಮ ಹೊಲಕ್ಕ ನೀರು ಬಿಡ್ತೀನಿ" ಅಂದ. ನಗುತ್ತ ನಂಬರ್ ಹೇಳಲು ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ನಾರಾಯಣಪುರದವಳ ಮಾತು ಬಂತು.

"ಯವ್ವಾ, ಡಬ್ಬ್ಯಾಗ ಯಾವ ಸಿಮ್ ಹಾಕೀರಿ? ಆ ನಂಬರ್ ಮತ್ಯಾರಿಗಿ ಗೊತ್ತೈತಿ?"

ಅದು ನನ್ನ ಹಳೆಯ ಸಿಮ್. ಮಗ ಹೊಸ ಫೋನಿನ ಜೊತೆ ಹೊಸ ಸಿಮ್ ಕೊಡಿಸಿದ ಮೇಲೆ ಸುಮ್ಮನೆ ಬಿದ್ದಿತ್ತು, ದಂಡ ಮಾಡುವುದೇಕೆ ಎಂದು ಹಾಕಿದ್ದೆ. ಬೀಗರು ನೆಂಟರಿಗೆಲ್ಲ ಗೊತ್ತಿರುವುದು ಅದೇ ನಂಬರ್. ನಮ್ಮಲ್ಲಿ ಊರಿಗೆ ಹೋದವರು ಮನೆ ಮುಟ್ಟಿದೊಡನೆ ಒಂದು ಮಿಸ್ ಕಾಲ್ ಕೊಡುತ್ತಾರೆ. ಎತ್ತಬಾರದು. ರಿಂಗ್ ಆದರೆ ಸುಖವಾಗಿ ಮುಟ್ಟಿದರು ಅಂತ ತಿಳಿಯಬೇಕು. ಅಕ್ಕನೂ ಬಳಿಚಕ್ರ ಮುಟ್ಟಿದೊಡನೆ ಕೊಡುತ್ತಾಳೆ. ಕೊಟ್ಟರೆ ಮೋಟರ್ ಚಾಲೂ ಆಗುತ್ತದೆ.

ನಮ್ಮ ಮೋಟರ್ ಹಳೆಯದು, ಓಡುವಾಗ ಅದರ ಮೈಗೂ ಕಬ್ಬಿಣದ ಕೊಳವೆಗೂ ಕರೆಂಟು ಬರುತ್ತದೆ. ಪಕ್ಕದ ಹೊಲದವರ ಎಮ್ಮೆ ಅಂಥದೇ ಒಂದು ಕೊಳವೆಗೆ ಮೈ ತಾಗಿಸಿ ನೀರಿನಲ್ಲೇ ಬಿದ್ದು ಸತ್ತಿತ್ತು. ಸೊಸೆ ಈಗ ಕೆಂಪು ಗುಂಡಿ ಒತ್ತಿ, ಮೋಟರ್ ಬಂದ್ ಆಯಿತು ಎಂದುಕೊಂಡು, ಟೊಂಕದ ಮಟ ನೀರಿನಲ್ಲಿ ನಿಂತು ಆ ಕೊಳವೆ ಹಿಡಿದಿರುತ್ತಾಳೆ. ಡಬ್ಬಿಗೆ ಕೆಂಪು ಗುಂಡಿಯ ಗೊಡವೆ ಇಲ್ಲ, ರಿಂಗ್ ಬಂದರೆ ಮತ್ತೆ ಚಾಲೂ ಮಾಡುತ್ತದೆ.

ಸೊಸೆಗೆ ಫೋನು ಹಚ್ಚಿದೆ. ಅದು ಅಡುಗೆಮನೆಯ ಮಾಡದಲ್ಲೇ ಬಡಿದುಕೊಂಡಿತು. ಚಾರ್ಜಿಗೆ ಇಟ್ಟು ಹೋಗಿದ್ದಳು. ಅಕ್ಕನಿಗೆ ಹಚ್ಚಿದೆ. ಬಸ್ಸಿನ ಗದ್ದಲದಲ್ಲಿ ಅವಳು ಎತ್ತಲಿಲ್ಲ. ಕಟ್ ಮಾಡಿದ ಮೇಲೆ ನನ್ನ ತಪ್ಪು ಹೊಳೆಯಿತು. ಅಕ್ಕನಿಗೆ ನಂಬರ್ ಓದಲು ಬಾರದು. ಎರಡರ ಗುಂಡಿ ಒತ್ತಿ ಹಿಡಿದರೆ ತಂಗಿಗೆ ಹೋಗುತ್ತದೆ ಎಂದು ಅವಳ ಮಗಳು ಮಾಡಿಕೊಟ್ಟಿದ್ದಾಳೆ. ಯಾರ ಫೋನು ಬಂದು ನಿಂತರೂ ತಂಗಿಯೇ ಇರಬೇಕು ಎಂದು ಎರಡನ್ನೇ ಒತ್ತುವವಳು ಅವಳು. ಒತ್ತಿದರೆ ಹೋಗುವುದು ಡಬ್ಬಿಗೆ. ಅವಳು ಬಳಿಚಕ್ರ ಮುಟ್ಟುವತನಕ ಹೊತ್ತಿದೆ ಎಂದುಕೊಂಡಿದ್ದೆ. ಆ ಹೊತ್ತನ್ನು ನಾನೇ ಕಳೆದೆ.

ಗ್ರೂಪಿಗೆ ಏನು ಹೇಳಿದೆನೋ ನೆನಪಿಲ್ಲ. ಎಲ್ಲರೂ ಒಮ್ಮೆಲೇ ಮಾತಾಡಿದರು. ಮುದನಾಳದವನು, "ಎಲ್ಲಾರೂ ಬಾಯಿ ಮುಚ್ರಿ. ಯವ್ವಾ, ನೀವು ಹೊಲಕ್ಕ ಹೊಂಡ್ರಿ. ನಾ ನಿಮ್ಮ ಸಬ್‌ಸ್ಟೇಷನ್ನಿಗಿ ಹಚ್ಚಾಕತ್ತೇನಿ, ಲೈನ್ ಬಂದ್ ಮಾಡಸ್ತೀನಿ. ಅದರ ಹಾದಿ ಕಾಯಬ್ಯಾಡ್ರಿ" ಅಂದ.

ನಾರಾಯಣಪುರದವಳು ನೇರ ನನಗೇ ಫೋನು ಹಚ್ಚಿದಳು. "ಕಿವಿಗಿ ಹಿಡಕೊಂಡೇ ನಡೀರಿ. ಹೋದಕೂಡ್ಲೆ ಆಕೀನ್ನ ಮುಟ್ಟಬ್ಯಾಡ್ರಿ, ಕೊಳವಿ ಮುಟ್ಟಬ್ಯಾಡ್ರಿ. ಮೊದಲ ಮೇನ್ ಸ್ವಿಚ್. ಒಣ ಕಟಿಗೀಲೆ ಜಗ್ಗ್ರಿ. ಏನು ಹೇಳ್ದೆ, ಹೇಳ್ರಿ ನೋಡೋಣು."

"ಮೊದಲ ಮೇನ್ ಸ್ವಿಚ್" ಅಂದೆ.

ಊರ ಹೊರಗೆ ಒಂದು ಹಿಟ್ಟಿನ ಗಿರಣಿ ಇದೆ. ತ್ರೀ ಫೇಸ್ ಇದ್ದರೆ ಅದರ ಸದ್ದು ಹೊಲದವರೆಗೂ ಬರುತ್ತದೆ. ಆ ಸದ್ದು ನಿಲ್ಲಲಿ ಎಂದುಕೊಳ್ಳುತ್ತ ಓಡಿದೆ. ನಿಲ್ಲಲಿಲ್ಲ. ಬದುವಿನ ಕೆಸರಿನಲ್ಲಿ ಚಪ್ಪಲಿ ಕಿತ್ತುಹೋಯಿತು. ಫೋನಿನೊಳಗೆ ಅವಳು ಅದನ್ನೇ ಕೇಳುತ್ತಿದ್ದಳು, ನಾನು ಅದನ್ನೇ ಹೇಳುತ್ತಿದ್ದೆ. ಹೇಳುವುದು ನಿಲ್ಲಿಸಿದರೆ ನೇರ ನೀರಿಗೆ ಇಳಿದು ಸೊಸೆಯ ಕೈ ಹಿಡಿದುಬಿಡುತ್ತೇನೆ ಎಂದು ಅವಳಿಗೆ ಹೇಗೋ ಗೊತ್ತಿತ್ತು.

ಸೊಸೆ ಕೊಳವೆಯನ್ನು ಬಗಲಿಗೆ ಒತ್ತಿಕೊಂಡು ನಿಂತಿದ್ದಳು.

"ಮ್ಯಾಲೆ ಬಾ" ಅಂದೆ.

"ಒಂದೀಟು ಉಳದೈತಿ, ತಡೀರಿ ಅತ್ತಿ."

"ನಿನ್ನ ಹೆಣಾ ಎತ್ಲಿ, ಕೊಳವಿ ಬಿಟ್ಟು ಬಾ ಅಂದ್ನಿಲ್ಲ."

ಬೈದರೂ ಅವಳ ಕಡೆ ಹೋಗಲಿಲ್ಲ. ಬೇಲಿಯಿಂದ ಒಣ ತೊಗರಿ ಕಟ್ಟಿಗೆ ಕಿತ್ತು ಮೇನ್ ಸ್ವಿಚ್ಚಿನ ಹಿಡಿ ಜಗ್ಗಿದೆ. ಮೊದಲ ಸಲ ಕಟ್ಟಿಗೆ ಜಾರಿತು. ಎರಡನೇ ಸಲ ಹಿಡಿ ಕೆಳಗೆ ಬಂತು. ಆಮೇಲೆ ಕೆಸರಲ್ಲೇ ಕೂತೆ. ಸೊಸೆ ಮೇಲೆ ಬಂದು, ಅತ್ತೆಗೆ ಏನು ಬಡಿದಿದೆ ಎಂದು ಮುಖ ನೋಡಿದಳು. ಕೈಯಲ್ಲಿದ್ದ ಫೋನು "ಯವ್ವಾ, ಆತೇನು? ಯವ್ವಾ?" ಅನ್ನುತ್ತಿತ್ತು. ಸೊಸೆಯೇ ಇಸಿದುಕೊಂಡು, "ಯಾರ್ರಿ ನೀವು?" ಅಂದಳು. ಅತ್ತ ಕಡೆಯವಳು ಇವಳ ದನಿ ಕೇಳಿ ಅತ್ತಳಂತೆ. ಗುರುತಿಲ್ಲ, ಪರಿಚಯವಿಲ್ಲ.

ಗಿರಣಿ ನಿಂತಿದ್ದು ಆಮೇಲೆ. ಮುದನಾಳದವನು ಸಬ್‌ಸ್ಟೇಷನ್ನಿನವರ ಕಾಲು ಹಿಡಿದು ಲೈನ್ ಬಂದ್ ಮಾಡಿಸಿದ್ದ. ಊರವರು ಕರೆಂಟು ಹೋಯಿತೆಂದು ಬೈದುಕೊಂಡರು. ನಾನು ಗ್ರೂಪಿಗೆ, "ಹುಡುಗಿ ಮ್ಯಾಲೆ ಬಂದಾಳ" ಅಂತ ಅಷ್ಟೇ ಕಳಿಸಿದೆ.

ಸಿಮ್ಮಿನ ಸಂಗತಿಯನ್ನೆಲ್ಲ ಸೊಸೆಗೆ ಹೇಳಿ ಮುಗಿಸಿ, ಇಬ್ಬರೂ ಬದುವಿನ ಮೇಲೆ ಕೂತಿದ್ದೆವು. ಅವಳ ಸೀರೆ ಇನ್ನೂ ಹಸಿ ಇತ್ತು. ಡಬ್ಬಿ ಗಡಗಡ ನಡುಗಿತು. ರಿಲೇ ಟಕ್ ಅಂದಿತು. ಮೋಟರ್ ಸುಮ್ಮನಿತ್ತು.

ಸೊಸೆ ಡಬ್ಬಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. "ದೊಡ್ಡತ್ತಿ ಮನಿ ಮುಟ್ಟಿದ್ರು ಕಾಣ್ತದ."

ಆ ಡಬ್ಬಿಯನ್ನು ಗ್ರೂಪಿನವರು ಬಿಸಾಡಲು ಬಿಡಲಿಲ್ಲ, ಹಾಗೇ ಇಡಲೂ ಬಿಡಲಿಲ್ಲ. ಯಾರಿಗೂ ಗೊತ್ತಿಲ್ಲದ ಸಿಮ್ ಹಾಕಿಸಿದರು. ನನ್ನ ನಂಬರ್ ಒಂದಕ್ಕೇ ಓಗೊಡುವ ಹಾಗೆ ಮಾಡಿಸಿದರು. ನೀರಿಗೆ ಇಳಿಯುವ ಮೊದಲು ಮೇನ್ ಸ್ವಿಚ್ ತೆಗೆಯಬೇಕೆಂದು ಸೊಸೆಯ ಬಾಯಿಂದಲೇ ಹೇಳಿಸಿಕೊಂಡರು. ಮೋಟರಿಗೆ ಅರ್ಥಿಂಗ್ ಹಾಕುವವರೆಗೆ ದಿನಾ ಬೆಳಗಾದರೆ ಕೇಳಿದರು. ಥ್ಯಾಂಕ್ಸ್ ಗೀಂಕ್ಸ್ ಹೇಳಲು ನನಗೆ ಬರುವುದಿಲ್ಲ. ಹೊಸ ಅಕ್ಕಿ ಕಳಿಸುತ್ತೇನೆ, ಊರು ಮನೆ ಹೇಳ್ರಿ ಅಂದರೆ ನಕ್ಕು ಬಿಟ್ಟರು. ಅವರ ಮುಖ ನಾನು ಇನ್ನೂ ನೋಡಿಲ್ಲ. ಈಗ ಹೊಸಬರು ಯಾರಾದರೂ ಇಂಥ ಡಬ್ಬಿಯ ಫೋಟೊ ಹಾಕಿದರೆ ಶಹಬ್ಬಾಸ್ ಅನ್ನುವವರು ಅನ್ನಲಿ, ನಾನು ಯಾವ ಸಿಮ್ ಎಂದೇ ಕೇಳುತ್ತೇನೆ.

ಹಳೆಯ ಸಿಮ್ ವಾಪಸು ಬಂದು ನನ್ನ ಫೋನಿನಲ್ಲಿ ಹೊಸ ಸಿಮ್ಮಿನ ಪಕ್ಕಕ್ಕೆ ಕೂತಿತು. ನೆಂಟರು ಮುಟ್ಟಿದಾಗೆಲ್ಲ ಅದು ಕೈಯಲ್ಲೇ ರಿಂಗಾಗುತ್ತದೆ. ಯಾರು ಮುಟ್ಟಿದರು ಎಂದು ಆಮೇಲೆ ನೋಡುತ್ತೇನೆ. ಮೊದಲು ಸೊಸೆಯನ್ನು ಕೂಗುತ್ತೇನೆ. ಅವಳು ಒಳಗಿಂದ ಓ ಅನ್ನಬೇಕು.