ಛತ್ರಕ್ಕೆ ಬೀಗ ಬಿದ್ದ ವರ್ಷ

ನಮ್ಮೂರಿನ ಗೇಟಿನಲ್ಲಿ ಒಂದು ಕಲ್ಲಿನ ಛತ್ರವಿದೆ. ಗೇಟು ಅಂದರೆ ಬಾಗಿಲಲ್ಲ. ಊರಿನ ದಾರಿ ದೊಡ್ಡ ರಸ್ತೆಗೆ ಕೂಡುವ ಕಡೆ, ಬಸ್ಸು ನಿಲ್ಲುವ ಜಾಗವನ್ನು ನಾವು ಗೇಟು ಅಂತಲೇ ಕರೆಯುವುದು. ರಸ್ತೆ ಶ್ರೀರಂಗಪಟ್ಟಣದಿಂದ ಪಾಂಡವಪುರ ದಾಟಿ ನಾಗಮಂಗಲದ ಕಡೆಗೆ ಹೋಗುತ್ತದೆ. ಮೂರು ಕಡೆ ಕಲ್ಲುಗೋಡೆ, ರಸ್ತೆಯ ಕಡೆ ಬರೀ ಕಂಬಗಳು, ಮೇಲೆ ಚಪ್ಪಡಿ. ಕಟ್ಟಿದವನು ಬಾಗಿಲು ಇಟ್ಟಿರಲಿಲ್ಲ. ಮರೆತು ಬಿಟ್ಟದ್ದಲ್ಲ ಅದು, ಬೇಕೆಂದೇ ಇಡದೆ ಹೋದದ್ದು. ಈ ಮಾತಿಗಾಗಿ ನಾನು ಊರಿನವರ ಜೊತೆ ಸಾಕಷ್ಟು ಜಗಳ ಆಡಿದ್ದೇನೆ. ಇವತ್ತು ಕೇಳಿದರೂ ಆಡುತ್ತೇನೆ.

ವಯಸ್ಸೆಷ್ಟು ಅಂತ ಮಾತ್ರ ಕೇಳಬೇಡಿ. ನನ್ನ ಮಾವ ಪಾಳೇಗಾರರ ಕಾಲದ್ದು ಅನ್ನುತ್ತಿದ್ದರು. ಅವರಿಗಿದ್ದ ಆಧಾರ ಅವರಪ್ಪ ಹಾಗೆ ಅನ್ನುತ್ತಿದ್ದರು ಎಂಬುದಷ್ಟೇ. ಕಂಬಗಳಲ್ಲಿ ಒಂದು ಮೀನು, ಒಂದು ಹಾವು, ಕೈಮುಗಿದು ನಿಂತ ಒಬ್ಬ ಹೊಟ್ಟೆ ಡುಬ್ಬಣ್ಣ ಇದ್ದಾರೆಯೇ ಹೊರತು ಒಂದಕ್ಷರ ಬರಹವಿಲ್ಲ. ನೆಲದ ಕಲ್ಲಿನಲ್ಲಿ ಚೌಕಾಬಾರದ ಮನೆ ಕೊರೆದಿದೆ. ಕೆ.ಆರ್. ಪೇಟೆಯ ಆಚೆ ಹೇಮಗಿರಿಯ ಜಾತ್ರೆಗೆ ದನ ಹೊಡೆದುಕೊಂಡು ಹೋಗುವವರು ಬಿಸಿಲು ಇಳಿಯುವವರೆಗೆ ಇಲ್ಲಿ ಆಡುತ್ತಿದ್ದರಂತೆ. ರಸ್ತೆಯ ಕಡೆಯ ಚಪ್ಪಡಿಯ ಅಂಚು ಕೂತವರ ಸೀರೆ ಪಂಚೆಗಳಿಗೆ ಸವೆದು ಸವೆದು ನುಣ್ಣಗಾಗಿದೆ. ನನಗೆ ಅದಕ್ಕಿಂತ ದೊಡ್ಡ ಶಾಸನ ಬೇಡ.

ಮದುವೆಯಾಗಿ ಬಂದ ಮೇಲೆ ನಾನು ಪಕ್ಕದ ಊರಿನ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದೆ. ಹಾಗಾಗಿ ಬೆಳಿಗ್ಗೆ, ಸಂಜೆ ಆ ಛತ್ರ ನನ್ನದು. ನನ್ನೊಬ್ಬಳದೇ ಅಲ್ಲ. ಹಾಲಿನ ಕ್ಯಾನು ಇಟ್ಟುಕೊಂಡು ಕೂರುವವರು, ಆಸ್ಪತ್ರೆಗೆ ಹೊರಟವರು, ಬಟ್ಟೆ ಗಂಟು ಹೊತ್ತು ಬರುವ ಸಾಬರು, ಕಾಲೋನಿಯ ಹೆಂಗಸರು, ಎಲ್ಲರದೂ. ಎಲ್ಲರೂ ಒತ್ತಿಕೊಂಡು ಕೂರುತ್ತಿದ್ದೆವು ಎಂದು ಸುಳ್ಳು ಹೇಳಲಾರೆ. ನಡುವೆ ಅಂತರ ಇರುತ್ತಿತ್ತು, ಯಾರೂ ಗೆರೆ ಎಳೆಯದೆ ಇರುತ್ತಿತ್ತು. ಆದರೆ ಮಳೆ ಬಂದಾಗ ಆ ಅಂತರ ತಾನಾಗಿಯೇ ಕಡಿಮೆಯಾಗುತ್ತಿತ್ತು. ಏಳು ಅನ್ನುವ ಅಧಿಕಾರ ಮಾತ್ರ ಅಲ್ಲಿ ಯಾರಿಗೂ ಇರಲಿಲ್ಲ.

ಅಲ್ಲಿ ಇನ್ನೊಂದು ವಾಡಿಕೆ ಇತ್ತು. ಬೇರೆ ಊರಿಗೆ ಮಣ್ಣಿಗೆ ಹೋಗಿ ಬಂದವರು, ಅಂದರೆ ಸಾವಿಗೆ ಹೋಗಿ ಬಂದವರು, ಸ್ನಾನವಿಲ್ಲದೆ ಮನೆ ಹೊಗುವಂತಿಲ್ಲ. ಬಸ್ಸಿಳಿದು ಛತ್ರದಲ್ಲಿ ಕೂತು, ಯಾರ ಕೈಲಾದರೂ ಮನೆಗೆ ಹೇಳಿ ಕಳಿಸಬೇಕು. ಮನೆಯವರು ನೀರು ಕಾಯಿಸಿ ಅಂಗಳದಲ್ಲಿ ಇಟ್ಟ ಮೇಲೆ ಎದ್ದು ಹೋಗಬೇಕು. ಮೊಬೈಲು ಬಂದ ಮೇಲೂ ಈ ವಾಡಿಕೆ ಹೋಗಲಿಲ್ಲ. ಫೋನು ಮಾಡಿಬಿಟ್ಟು ಕೂರುತ್ತಿದ್ದೆವು, ಅಷ್ಟೇ ವ್ಯತ್ಯಾಸ. ನೀರು ಕಾಯುವವರೆಗಿನ ಆ ಹೊತ್ತು ಹೆಂಗಸರಿಗೆ ಎಷ್ಟು ಮುಖ್ಯ ಅನ್ನುವುದು ಗಂಡಸರಿಗೆ ಗೊತ್ತಿರಲಿಲ್ಲ. ಸಾವಿನ ಮನೆಯಲ್ಲಿ ನೆಂಟರ ನಡುವೆ ಅಳುವುದೇ ಬೇರೆ. ಮನೆಗೆ ಬಂದ ಮೇಲೆ ದನ, ಡೈರಿ, ಒಲೆ. ನಮ್ಮಷ್ಟಕ್ಕೆ ನಾವು ಅಳುವುದಿದ್ದರೆ ಛತ್ರದಲ್ಲೇ ಅಳಬೇಕಿತ್ತು. ಅಲ್ಲಿ ಅಳುವವಳನ್ನು ಯಾರೂ ಏನಾಯ್ತು ಅಂತ ಕೇಳುತ್ತಿರಲಿಲ್ಲ.

ಆಮೇಲೆ ರಸ್ತೆ ಅಗಲ ಮಾಡುವ ಸುದ್ದಿ ಬಂತು. ಪಕ್ಕದ ಗೇಟಿನಲ್ಲಿ ಇದ್ದ ಇಂಥದೇ ಛತ್ರವನ್ನು ಜೆಸಿಬಿ ಬಂದು ಕೆಡವಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಇತ್ತು, ಸಂಜೆ ಬರುವಾಗ ಕಂಬಗಳು ಚರಂಡಿಯಲ್ಲಿ ಬಿದ್ದಿದ್ದವು. ನನ್ನ ಮೈದುನ ಊರಿನ ಹುಡುಗರನ್ನು ಕಟ್ಟಿಕೊಂಡು ಯಾವುದೋ ಕಚೇರಿಗೆ ಹೋಗಿ, ನಮ್ಮದು ಹಳೇದು, ಉಳಿಸಿಕೊಡಿ ಅಂದನಂತೆ. ಇಂಥವು ದಾರಿಯುದ್ದಕ್ಕೂ ಇವೆ, ಇದು ಹಳೇದು ಅನ್ನುವುದಕ್ಕೆ ಏನಿದೆ ಅಂತ ಅಲ್ಲಿದ್ದವರು ಕೇಳಿದರಂತೆ. ಮೀನಿದೆ, ಹಾವಿದೆ ಅಂದರೆ ಅವರು ನಕ್ಕರಂತೆ.

ಅವರು ಕಚೇರಿಗೆ ಹೋದ ದಿನಗಳಲ್ಲಿ ನಾನು ಊರಿನಲ್ಲಿ ಇರಲಿಲ್ಲ. ಹೇಮಗಿರಿ ಹತ್ತಿರದ ನನ್ನ ತವರಿನಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ರಜೆ ಹಾಕಿ ಅವಳ ಪಕ್ಕದಲ್ಲಿ ಇದ್ದೆ. ಮೈದುನನೇ ಫೋನು ಮಾಡಿ ಹಿಗ್ಗಿನಿಂದ ಹೇಳಿದ:

“ಅತ್ಗೆ, ಛತ್ರ ಉಳ್ಕತು ಕಣತ್ಗೆ. ಇನ್ ಯಾವ ಜೆಸಿಬಿನೂ ಮುಟ್ಟಾಕಿಲ್ಲ, ಬುಡು.”

ಹೇಗೆ ಅಂತ ಕೇಳುವಷ್ಟರಲ್ಲಿ ಅವ್ವ ನೀರು ಕೇಳಿದಳು. ಫೋನು ಇಟ್ಟೆ. ಕಟ್ಟಡ ಉಳಿಯಿತಲ್ಲ ಎಂದು ನನಗೂ ಖುಷಿಯೇ ಆಯಿತು.

ಅವ್ವ ಹೋದಳು. ಮಣ್ಣಾಯಿತು. ನನ್ನ ಗಂಡ ಉಳಿದ ಕಾರ್ಯಕ್ಕೆ ಅಲ್ಲೇ ನಿಂತರು. ಮನೆಯಲ್ಲಿ ಕರೆಯುವ ಹಸು ಇದ್ದುದರಿಂದ ನಾನು ಒಬ್ಬಳೇ ಬಸ್ಸು ಹತ್ತಿದೆ. ಕೆ.ಆರ್. ಪೇಟೆಯಲ್ಲೂ ಅಳಲಿಲ್ಲ, ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವಾಗಲೂ ಅಳಲಿಲ್ಲ. ಛತ್ರಕ್ಕೆ ಹೋಗಿ ಅಳೋಣ ಎಂದು ತಡೆದುಕೊಂಡಿದ್ದೆ. ಹೀಗೆ ಹೇಳಿದರೆ ವಿಚಿತ್ರ ಅನ್ನಿಸಬಹುದು. ನನಗೆ ಆ ಹೊತ್ತಿಗೆ ಅದು ಬಹಳ ಸಹಜವಾಗಿತ್ತು.

ಬಸ್ಸಿಳಿದಾಗ ಮಳೆ ದಬದಬ ಸುರಿಯುತ್ತಿತ್ತು. ಸೆರಗು ತಲೆಗೆ ಹೊದ್ದು ಓಡಿದೆ. ಕಂಬಗಳ ನಡುವೆ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಒಳಗೆ ಆಂಜನೇಯನ ಹೊಸ ವಿಗ್ರಹ, ಅದರ ಸುತ್ತ ಬಣ್ಣದ ಸೀರಿಯಲ್ ಸೆಟ್ಟು ಮಿಣಮಿಣ ಅನ್ನುತ್ತಿತ್ತು. ಚೌಕಾಬಾರದ ಮನೆಯ ಮೇಲೆ ಬಿಳಿ ಟೈಲ್ಸು. ಕಾಲೋನಿಯ ಹೆಂಗಸರು ಎದುರಿನ ಹುಣಸೆಮರದ ಕೆಳಗೆ ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು ನಿಂತಿದ್ದರು. ಅವರಿಗೆ ಛತ್ರದೊಳಗೆ ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ದೇವರು ಬಂದ ಮೇಲೆ ಹೇಳಬೇಕಾದ್ದೇನೂ ಇರಲಿಲ್ಲ.

“ಬಾರವ್ವ ಇತ್ಲಾಗೆ, ನೆನೀಬ್ಯಾಡ,” ಎಂದು ಅವರಲ್ಲೊಬ್ಬಳು ಕರೆದಳು.

ಹೋಗಿ ಅವರ ಜೊತೆ ನಿಂತೆ. ಹುಣಸೆ ಎಲೆಯೇನು, ಮಳೆ ತಡೆಯುತ್ತದೆಯೇ? ನೆನೆದೆ. ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ.

ಮೈದುನ ಕೆಟ್ಟವನಲ್ಲ. ನಾನು ಫೋನು ಮಾಡಿದ ಕೂಡಲೇ ತಾನೇ ಒಲೆ ಹೊತ್ತಿಸಿ, ನೀರು ಕಾಯಿಸಿ, ಅಂಗಳದಲ್ಲಿ ಇಟ್ಟು, ಹಂಡೆಯ ಮೇಲೆ ತಟ್ಟೆ ಮುಚ್ಚಿದ್ದ. ನಾನು ನೀರು ಮುಟ್ಟುವ ಮೊದಲು ಕೇಳಿದೆ:

“ಛತ್ರಕ್ಕೆ ಬೀಗ ಯಾಕ್ಲಾ?”

“ದೇವ್ರಿಗೆ ಬೆಳ್ಳಿ ಕಣ್ಣವೆ ಅತ್ಗೆ. ಕಿತ್ಕಂಡ್ ಓದ್ರೆ?”

“ದೇವ್ರನ್ ಮಡಗು ಅಂದೋರ್ ಯಾರು?”

“ಇನ್ನೇನ್ ಮಾಡ್ಲಿ? ಪಕ್ಕದ್ ಗೇಟಿಂದು ನೋಡ್ದಲ್ಲ, ಚರಂಡೀಲವೆ ಕಂಬ. ದೇವ್ರಿದ್ರೆ ಅದೇ ರಸ್ತೆಯೋರು ಕೈ ಮುಗ್ದು ಪಕ್ಕಕ್ ಓಯ್ತಾರೆ. ಉಳೀತೋ ಇಲ್ವೋ?”

“ಏನ್ಲಾ ಉಳೀತು? ನಿಮ್ಮತ್ಗೆ ಅವ್ರವ್ವನ್ ಮಣ್ ಮಾಡಿ ಬಂದು, ಕೂತು ಅಳಾಕೆ ಜಾಗ ಇಲ್ದೆ ಹುಣ್ಸೆಮರದಡೀಲಿ ನೆನ್ಕಂಡ್ ನಿಂತಿದ್ಲು. ಅದನ್ನ ಉಳ್ಸಿದೀಯ.”

ಅವನ ಮುಖ ಸಪ್ಪಗಾಯಿತು. ಆದರೆ ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಈ ರಸ್ತೆಯುದ್ದಕ್ಕೂ ನೋಡಿದ್ದೇನಲ್ಲ. ಉಳಿದಿರುವ ಹಳೆಯ ಛತ್ರ, ಮಂಟಪ, ಬಂಗಲೆಗಳೆಲ್ಲ ಇನ್ನೇನೋ ಆಗಿ ಉಳಿದಿವೆ. ಶ್ರೀರಂಗಪಟ್ಟಣದ ಕಡೆ ಒಂದು ಗೊಬ್ಬರದ ಗೋಡೌನು. ನಾಗಮಂಗಲದ ದಾರಿಯಲ್ಲಿ ಒಂದರೊಳಗೆ ಯಾರದೋ ಟ್ರಾಕ್ಟರಿನ ಟ್ರೇಲರು. ದಾರಿಹೋಕನಿಗೆ ಅಂತ ಕಟ್ಟಿದ್ದು ದಾರಿಹೋಕನನ್ನು ಹೊರಗಿಟ್ಟರೆ ಮಾತ್ರ ಉಳಿಯುತ್ತದೆ ಅಂದರೆ, ಅಂಥ ಉಳಿವು ನನಗೆ ಬೇಡ. ಬಿದ್ದು ಹೋಗಲಿ. ಕಡೇಪಕ್ಷ ಛತ್ರವಾಗಿದ್ದುಕೊಂಡೇ ಬೀಳಲಿ. ಅವತ್ತು ಬೆಚ್ಚಗಿನ ನೀರು ಸುರಿದುಕೊಳ್ಳುತ್ತಾ ನಾನು ಅಂದುಕೊಂಡದ್ದು ಇಷ್ಟೇ.

ಮರುದಿನ ಬೆಳಿಗ್ಗೆ ಪೂಜಾರಿ ಬೀಗ ತೆಗೆಯುವುದನ್ನೇ ಕಾದಿದ್ದು, ಒಳಗೆ ಹೋಗಿ ಟೈಲ್ಸಿನ ಮೇಲೆ ಕಾಲು ಚಾಚಿ ಕೂತೆ. ಸ್ನಾನ ಮಾಡಿದರೇನು, ಹೆತ್ತವ್ವನ ಸೂತಕ ಮದುವೆಯಾದ ಮಗಳಿಗೂ ಉಂಟು. ಊರಿಗೆಲ್ಲ ಗೊತ್ತಿತ್ತು. ಪೂಜಾರಿ ಆರತಿ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತ.

“ಏಳವ್ವ, ಮೈಲ್ಗೆ ಆಯ್ತದೆ.”

“ನಾನು ದೇವ್ರನ್ ಮುಟ್ಟಿಲ್ಲ ಕಣಪ್ಪ. ಬಸ್ಸಿಗೆ ಕೂತಿದ್ದೀನಿ.”

ಮೈದುನ ಓಡಿ ಬಂದ. ಬೇಡಿಕೊಂಡ, ಬೈದ, ಅಣ್ಣನಿಗೆ ಹೇಳುತ್ತೇನೆ ಅಂದ. ಹೇಳಿಕೋ ಅಂದೆ. ಬಸ್ಸು ಬರುವವರೆಗೆ ಅಲುಗಾಡಲಿಲ್ಲ. ನಾನು ಹೋದ ಮೇಲೆ ನೆಲ ತೊಳೆದು, ಗಂಜಲ ಚಿಮುಕಿಸಿ, ಪುಣ್ಯಾಹ ಮಾಡಿದರಂತೆ. ಮಾರನೆಯ ದಿನ ಮತ್ತೆ ಹೋಗಿ ಕೂತೆ.

ನನ್ನ ಸೂತಕ ಕಳೆಯಿತು. ಆದರೆ ನಮ್ಮಂಥ ಊರಿನಲ್ಲಿ ಸೂತಕಕ್ಕೆ ಬರವೇ? ಎಲ್ಲರೂ ಎಲ್ಲರಿಗೂ ದಾಯಾದಿಗಳು. ಒಂದು ಮನೆಯಲ್ಲಿ ಹೆರಿಗೆ, ಒಂದು ಮನೆಯಲ್ಲಿ ಸಾವು, ಒಬ್ಬಳು ಮುಟ್ಟಾಗಿ ಹೊರಗೆ. ನನ್ನ ಓರಗೆಯ ಹೆಂಗಸರಿಗೆ ಹೇಳಿದೆ: ಹೊರಗೆ ನಿಂತು ನೆನೆಯಬೇಡಿ, ಪೂಜೆಗೆ ಬೀಗ ತೆಗೆದಾಗ ಒಳಗೆ ಬಂದು ಕೂರಿ. ಮೊದಮೊದಲು ಹೆದರಿದರು. ಕೆಲವರಿಗೆ ನಿಜವಾಗಿಯೂ ದೇವರ ಭಯ. ಅವರನ್ನು ನಾನು ಬಲವಂತ ಮಾಡಲಿಲ್ಲ. ಆಮೇಲೆ ಬಾಣಂತಿ ಮಗಳನ್ನು ಆಸ್ಪತ್ರೆಯಿಂದ ಕರೆತಂದವಳೊಬ್ಬಳು ಬಿಸಿಲಿಗೆ ತಡೆಯಲಾರದೆ, ಮಗುವಿನ ಸಮೇತ ಒಳಗೆ ಕೂರಿಸಿದಳು. ಅದರ ಮರುವಾರ ಹುಣಸೆಮರದ ಕೆಳಗಿನಿಂದ ಒಬ್ಬಳು ಎದ್ದು ಬಂದಳು. ಒಳಗಿದ್ದ ನಾವು ಸರಿದು ಜಾಗ ಮಾಡಿದೆವು. ಸರಿಯದೆ ಎದ್ದು ಹೋದವರೂ ಇದ್ದರು. ಅವರು ಯಾರು ಅಂತ ನನಗೆ ನೆನಪಿದೆ, ನೆನಪಿಟ್ಟುಕೊಂಡೇ ಇರುತ್ತೇನೆ.

ಮೊದಲು ಸೋತವನು ಪೂಜಾರಿ. ಡೈರಿಯ ಮುಂದೆ ಎಲ್ಲರೂ ಸೇರಿದ್ದಾಗ ಬೀಗದ ಕೈ ಮೈದುನನ ಕೈಗೆ ಹಾಕಿ, “ದಿನಾ ಗಂಜಲ ಹುಡೀಕಂಡ್ ತಿರ್ಗಾಕೆ ನನ್ ಕೈಲಾಗಾಕಿಲ್ಲ. ಒಂದೋ ಹೆಂಗುಸ್ರನ್ನ ಎಬ್ಬುಸ್ರಿ, ಇಲ್ಲ ದೇವ್ರನ್ನ ಎಬ್ಬುಸ್ರಿ,” ಅಂದ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ನನ್ನ ಕ್ಯಾನು ತೊಳೆಯುತ್ತಿದ್ದೆ.

ದೇವರನ್ನು ಎಬ್ಬಿಸಿದರು. ಕೆರೆ ಏರಿಯ ಅರಳಿಕಟ್ಟೆಯ ಮೇಲೆ ಪುಟ್ಟ ಗುಡಿ ಕಟ್ಟಿ ಕೂರಿಸಿದರು. ಅದಕ್ಕೆ ನಾನೂ ಮಣ್ಣು ಹೊತ್ತೆ. ನನ್ನ ಜಗಳ ಆಂಜನೇಯನ ಜೊತೆ ಯಾವತ್ತೂ ಇರಲಿಲ್ಲ. ಗ್ರಿಲ್ಲು ಕತ್ತರಿಸಿ ತೆಗೆದ ದಿನ ಮೈದುನ ನನ್ನೆದುರು ನಿಂತು, “ನಾಳೀಕೆ ಜೆಸಿಬಿ ಬಂದು ಉರುಳ್ಸುದ್ರೆ ಅದು ನಿನ್ ತಲೆ ಮ್ಯಾಲೆ ಅತ್ಗೆ,” ಅಂದ. ಆಮೇಲೆ ಎಷ್ಟೋ ದಿನ ನನ್ನ ಹತ್ತಿರ ಮಾತು ಬಿಟ್ಟ. ಒಂದೇ ಅಂಗಳದಲ್ಲಿ ಇದ್ದುಕೊಂಡು ಮಾತಿಲ್ಲದೆ ಇರುವುದು ಸುಲಭವಲ್ಲ. ಭಯವೂ ಇತ್ತು. ಅವನು ಹೇಳಿದ ಹಾಗೆ ಆದರೆ, ನನ್ನ ಒಂದು ಸಿಟ್ಟಿಗೆ ಊರು ತನ್ನ ಹಳೆಯ ಕಟ್ಟಡ ಕಳೆದುಕೊಂಡಿತು ಎಂದು ಮೊಮ್ಮಕ್ಕಳ ಕಾಲಕ್ಕೂ ಹೇಳುತ್ತಾರೆ. ಹೇಳಿಕೊಳ್ಳಲಿ ಎಂದು ದಿನವೂ ನನಗೆ ನಾನೇ ಅಂದುಕೊಳ್ಳಬೇಕಾಗಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ರಸ್ತೆಯವರು ಬಂದರು. ಜೀಪು, ಟೇಪು, ಮೂರುಕಾಲಿನ ದುರ್ಬೀನು, ತಲೆಗೆ ಟೋಪಿ ಹಾಕಿದ ಒಬ್ಬ ಇಂಜಿನಿಯರು. ಬೆಳಗಿನ ಬಸ್ಸಿನ ಹೊತ್ತು. ನಾವೊಂದಷ್ಟು ಜನ ಒಳಗೆ ಕೂತಿದ್ದೆವು.

“ಸ್ವಲ್ಪ ಎದ್ದು ಈ ಕಡೆ ಬನ್ನಿ ಅಮ್ಮಾ, ಅಳತೆ ತಗೋಬೇಕು,” ಅಂದರು ಇಂಜಿನಿಯರು.

“ಕೂತಂಗೇ ಅಳ್ಕೊಳಿ ಸಾಮಿ,” ಅಂದೆ. ನಾನು ಏಳಲಿಲ್ಲ. ಪಕ್ಕದಲ್ಲಿದ್ದವರೂ ಏಳಲಿಲ್ಲ.

ಅಷ್ಟು ಹೊತ್ತಿಗೆ ಸುದ್ದಿ ತಿಳಿದು ಮೈದುನ ಬಂದ. ಇಂಜಿನಿಯರು ಅವನನ್ನು ಕರೆದು, ಗೋಡೆಯ ಮೇಲೆ ಉಳಿದಿದ್ದ ಕುಂಕುಮದ ಕಲೆ ತೋರಿಸಿ ಕೇಳಿದರು:

“ಇದು ದೇವಸ್ಥಾನನಾ? ದೇವಸ್ಥಾನ ಆದ್ರೆ ಹಂಗೇ ಬರ್ಕೋತೀನಿ.”

ನಾನು ತಲೆ ತಗ್ಗಿಸಿದೆ. ಹೂಂ ಅಂದುಬಿಟ್ಟರೆ ಅವನಿಗೆ ಕಟ್ಟಡ ಸಿಗುತ್ತದೆ, ಬೀಗವೂ ಸಿಗುತ್ತದೆ, ನನ್ನ ಮೇಲಿನ ಹಗೆಯೂ ತೀರುತ್ತದೆ.

“ಅಲ್ಲ ಸಾರ್,” ಅಂದ ಮೈದುನ. “ಇದು ಛತ್ರ. ನಮ್ಮತ್ಗೆ ಅವ್ರವ್ವನ್ ಮಣ್ ಮುಗುಸ್ಕಂಡು ಮಳೇಲಿ ಬಂದಾಗ, ಒಂದ್ ಗಳಿಗೆ ಕೂತು ಅಳಾಕೆ ನಾವು ಜಾಗ ಇಲ್ದಂಗೆ ಮಾಡ್ಬುಟ್ಟಿದ್ದೊ. ಇನ್ಮ್ಯಾಕೆ ಅಂಗಾಗ್ಬಾರ್ದು. ಜನ ಕೂತ್ಕಳೋ ಜಾಗ ಅಂತ್ಲೇ ಬರ್ಕಳಿ.”

ಅವ್ವ ಹೋದ ಮೇಲೆ ಮೊದಲ ಸಲ ನನಗೆ ಅಳು ಬಂತು. ಇಂಜಿನಿಯರಿನ ಮುಂದೆಯೇ, ಸೆರಗು ಬಾಯಿಗಿಟ್ಟುಕೊಳ್ಳದೆ, ಜೋರಾಗಿ ಅತ್ತೆ. ಯಾರೂ ಏನಾಯ್ತು ಅಂತ ಕೇಳಲಿಲ್ಲ. ಮೈದುನ ಒಳಗೆ ಬಂದು ನನ್ನ ಪಕ್ಕದ ಕಂಬಕ್ಕೆ ಒರಗಿ ಕೂತ. ಅಳತೆಯವರು ನಮ್ಮನ್ನು ಎಬ್ಬಿಸುವ ದಾರಿ ಕಾಣದೆ, ನಮ್ಮೆಲ್ಲರ ಸಮೇತ ಛತ್ರವನ್ನು ಅಳೆದುಕೊಂಡು ಹೋದರು.